ನಾರ್ಮಂಡಿಯ ಮುಹೂರ್ತ: ಜೂನ್ 6ರ ಬೆಳಿಗ್ಗೆ ಆರೂವರೆಯೇ ಯಾಕೆ?

ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ಮಿತ್ರಪಡೆಗಳು ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಐದು ಕಡೆ ದಡ ಹತ್ತಿದವು. ಪಶ್ಚಿಮದಿಂದ ಪೂರ್ವಕ್ಕೆ ಎಣಿಸಿದರೆ ಯೂಟಾ, ಒಮಾಹಾ, ಗೋಲ್ಡ್, ಜೂನೋ, ಸೋರ್ಡ್. ಮೊದಲೆರಡು ಅಮೆರಿಕದ ಪಾಲಿಗೆ, ಜೂನೋ ಕೆನಡಾಕ್ಕೆ, ಉಳಿದೆರಡು ಬ್ರಿಟನ್ನಿಗೆ. ಒಟ್ಟು ಸುಮಾರು 80 ಕಿ.ಮೀ. ಉದ್ದದ ತೀರ. ಆದರೆ ಯೋಜನೆಯ ಪ್ರಕಾರ ಮೊದಲ ದೋಣಿ ಮರಳು ಮುಟ್ಟಬೇಕಾದ ಹೊತ್ತು ಎಲ್ಲ ಕಡೆ ಒಂದೇ ಆಗಿರಲಿಲ್ಲ. ಯೂಟಾ, ಒಮಾಹಾಗಳಲ್ಲಿ 6:30. ಗೋಲ್ಡ್, ಸೋರ್ಡ್‌ಗಳಲ್ಲಿ 7:25. ಜೂನೋದಲ್ಲಿ ಒಂದು ತುದಿಗೆ 7:35, ಇನ್ನೊಂದಕ್ಕೆ 7:45.

ಶತ್ರುವನ್ನು ಬೆಚ್ಚಿಬೀಳಿಸಬೇಕಾದ ದಾಳಿಯಲ್ಲಿ ಒಂದು ತೀರಕ್ಕೂ ಇನ್ನೊಂದಕ್ಕೂ ಒಂದು ಗಂಟೆಗೂ ಮೀರಿದ ಅಂತರವೆಂದರೆ ವಿಚಿತ್ರವೇ. ಯಾವ ಸೇನಾಪತಿಯೂ ಬೇಕೆಂದು ಇಂಥ ಅಂತರ ಇಟ್ಟುಕೊಳ್ಳುವುದಿಲ್ಲ. ಇಲ್ಲಿ ಅದನ್ನು ಇಟ್ಟದ್ದು ಕಡಲು. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಾದ ಇಂಗ್ಲಿಷ್ ಕಾಲುವೆಯಲ್ಲಿ ಉಬ್ಬರ ಅಟ್ಲಾಂಟಿಕ್ ಕಡೆಯಿಂದ ಒಳಬಂದು ಪೂರ್ವಕ್ಕೆ ಸಾಗುತ್ತದೆ. ಆದ್ದರಿಂದ ನೀರು ಅತಿ ಕೆಳಗಿಳಿಯುವ ಗಳಿಗೆ ಪಶ್ಚಿಮದ ಯೂಟಾದಲ್ಲಿ ಮೊದಲು, ಪೂರ್ವದ ಸೋರ್ಡ್‌ನಲ್ಲಿ ಆಮೇಲೆ. ಜೂನೋದ ಎದುರು ಬಂಡೆಸಾಲುಗಳಿದ್ದವು. ಅವುಗಳ ಮೇಲೆ ದೋಣಿ ಹಾಯಲು ಇನ್ನಷ್ಟು ನೀರು ಏರಬೇಕಿತ್ತು, ಹಾಗಾಗಿ ಅಲ್ಲಿ ಇನ್ನೂ ತಡ. ಈ ದಾಳಿಯ ದಿನ, ಗಳಿಗೆ, ಹಡಗು, ಬಂದರು, ಕೊನೆಗೆ ಅದರ ಎಡವಟ್ಟುಗಳು, ಎಲ್ಲದರ ಹಿಂದೆಯೂ ಈ ನೀರಿನ ಲೆಕ್ಕವೇ ಇದೆ.

ಆರು ಮೀಟರ್ ನೀರು

ಮಂಗಳೂರಿನ ಕಡಲಲ್ಲಿ ಉಬ್ಬರಕ್ಕೂ ಇಳಿತಕ್ಕೂ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸಿನ ವ್ಯತ್ಯಾಸ. ನಮ್ಮ ಕರಾವಳಿ ಕಂಡವರಿಗೆ ನಾರ್ಮಂಡಿಯ ನೀರನ್ನು ಊಹಿಸಿಕೊಳ್ಳುವುದು ಕಷ್ಟ. ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಅಲ್ಲಿ ನೀರು ಆರು ಮೀಟರಿನಷ್ಟು ಏರಿಳಿಯುತ್ತದೆ, ಎಂದರೆ ಎರಡಂತಸ್ತಿನ ಮನೆಯ ಎತ್ತರ. ಒಮಾಹಾದಂಥ ಚಪ್ಪಟೆ ತೀರದಲ್ಲಿ ಇಳಿತದ ಹೊತ್ತಿಗೆ ಸುಮಾರು 300 ಮೀಟರ್ ಅಗಲದ ಮರಳು ಬಯಲಾಗುತ್ತದೆ. ಉಬ್ಬರ ತುಂಬಿದಾಗ ಅದೇ ತೀರದಲ್ಲಿ ಕೆಲವೇ ಮೀಟರಿನ ಪಟ್ಟಿ ಉಳಿಯುತ್ತದೆ.

ದಾಳಿ ಮಾಡುವವನಿಗೆ ಮೇಲುನೋಟಕ್ಕೆ ಉಬ್ಬರವೇ ಒಳ್ಳೆಯದು. ದೋಣಿ ನೇರ ದಡದ ಬುಡಕ್ಕೆ ಹೋಗುತ್ತದೆ, ಮೆಷಿನ್‌ಗನ್ನಿನ ಎದುರು ಓಡಬೇಕಾದ ದೂರ ಕಡಿಮೆ. ಜರ್ಮನ್ ದಂಡನಾಯಕ ರೊಮೆಲ್ ಎಣಿಸಿದ್ದೂ ಹೀಗೆಯೇ. 1944ರ ಆರಂಭದಿಂದ ಅವನು ಉಬ್ಬರದಲ್ಲಿ ಮುಳುಗುವ ಮರಳಿನ ಮೇಲೆ ಅಡೆತಡೆಗಳನ್ನು ಸಾಲುಸಾಲಾಗಿ ನೆಡಿಸತೊಡಗಿದ. ಬೆಲ್ಜಿಯಂನಿಂದ ತಂದ ಉಕ್ಕಿನ ದೊಡ್ಡ ಚೌಕಟ್ಟುಗಳು, ಕಡಲಿನತ್ತ ಓರೆಯಾಗಿ ಹೂತು ತುದಿಗೆ ತಾಗಿದರೆ ಸಿಡಿಯುವ ಮೈನ್ ಕಟ್ಟಿದ ಮರದ ದಿಮ್ಮಿಗಳು, ದೋಣಿಯನ್ನು ಎತ್ತಿ ಮಗುಚುವ ಇಳಿಜಾರು ತೊಲೆಗಳು, ರೈಲು ಕಂಬಿಗಳಂಥ ಉಕ್ಕನ್ನು ಅಡ್ಡಡ್ಡ ಬೆಸೆದ 'ಮುಳ್ಳುಹಂದಿ'ಗಳು. ಉಬ್ಬರದಲ್ಲಿ ಇವೆಲ್ಲ ನೀರಿನಡಿ ಕಾಣದೆ ಕೂತು ದೋಣಿಯ ತಳ ಸೀಳಬೇಕೆಂಬುದು ಲೆಕ್ಕ.

ಬ್ರಿಟಿಷ್, ಅಮೆರಿಕನ್ ವಿಮಾನಗಳು ಅಲೆಯ ಮೇಲೆಯೇ ಹಾರಿ ತೆಗೆದ ಫೋಟೋಗಳಲ್ಲಿ ಈ ಸಾಲುಗಳು ಕಂಡವು. ಅಲ್ಲಿಗೆ ಯೋಜನೆ ತಲೆಕೆಳಗಾಯಿತು. ಅಡೆತಡೆಗಳು ಕಣ್ಣಿಗೆ ಕಾಣಬೇಕು, ಒಣ ಮರಳಲ್ಲಿ ನಿಂತು ಅವನ್ನು ಸಿಡಿಸಬೇಕು ಎಂದರೆ ಇಳಿತದ ಹೊತ್ತಿಗೇ ಇಳಿಯಬೇಕು. ಹಾಗೆಂದು ನೀರು ಇನ್ನೂ ಇಳಿಯುತ್ತಿರುವಾಗ ಬಂದರೆ ದೋಣಿ ಮರಳಲ್ಲಿ ಹೂತು ಮುಂದಿನ ಉಬ್ಬರದ ತನಕ ಅಲ್ಲೇ ಗುರಿಹಲಗೆ. ಇಳಿತ ಮುಗಿದು ನೀರು ಏರತೊಡಗಿದ ಮೇಲೆ ಬಂದರೆ ಸೈನಿಕರು ಇಳಿದ ಕೆಲ ನಿಮಿಷಕ್ಕೆ ದೋಣಿ ತಾನೇ ತೇಲುತ್ತದೆ, ಹಿಂದೆ ಸರಿದು ಮುಂದಿನ ತಂಡವನ್ನು ತರಬಹುದು. ಹೀಗೆ ಗೊತ್ತಾದದ್ದು: ಇಳಿತದ ತಳ ಮುಟ್ಟಿ ಸುಮಾರು ಒಂದು ಗಂಟೆಯ ನಂತರ. ಇದಕ್ಕೆ ತೆರಬೇಕಾದ ಬೆಲೆಯೂ ಎಲ್ಲರಿಗೂ ಗೊತ್ತಿತ್ತು, ಅಡಗಲು ಏನೂ ಇಲ್ಲದ ಆ 300 ಮೀಟರ್ ಮರಳು.

ಪಂಚಾಂಗದಲ್ಲಿ ಮೂರೇ ದಿನ

ಹೊತ್ತು ಸಿಕ್ಕರೆ ಸಾಲದು, ದಿನವೂ ಸಿಗಬೇಕು. ಹಡಗುಗಳು ಕತ್ತಲಲ್ಲಿ ಕಾಲುವೆ ದಾಟಬೇಕು. ನೌಕಾ ಫಿರಂಗಿಗಳಿಗೂ ಬಾಂಬರ್‌ಗಳಿಗೂ ಗುರಿ ಕಾಣುವಷ್ಟು ಬೆಳಕು ಅರ್ಧ-ಮುಕ್ಕಾಲು ಗಂಟೆ ಮೊದಲೇ ಬೇಕು. ಎಂದರೆ ಇಳಿತ ನಸುಕಿನ ಆಸುಪಾಸಿಗೇ ಬರಬೇಕು. ಒಂದು ಜಾಗದಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಇಳಿತ ಹೆಚ್ಚುಕಡಿಮೆ ಅದೇ ಗಡಿಯಾರದ ಹೊತ್ತಿಗೆ ಬರುತ್ತದೆ. ದಿನ ಕಳೆದಂತೆ ಮುಕ್ಕಾಲು ಗಂಟೆಯಷ್ಟು ಮುಂದಕ್ಕೆ ಜರುಗುತ್ತ ಹೋಗಿ ಹದಿನೈದು ದಿನಕ್ಕೆ ಮತ್ತೆ ಅಲ್ಲಿಗೇ ಮರಳುತ್ತದೆ. ನಾರ್ಮಂಡಿಯ ಆ ತೀರದಲ್ಲಿ ಹುಣ್ಣಿಮೆ-ಅಮಾವಾಸ್ಯೆಗಳ ಇಳಿತ ನಸುಕಿಗೆ ಬೀಳುತ್ತದೆ. ಅಲ್ಲಿಗೆ ತಿಂಗಳಿಗೆ ಎರಡೇ ಸರದಿ. ಇದರ ಮೇಲೆ ವಾಯುಪಡೆಯ ಬೇಡಿಕೆ: ಹಿಂದಿನ ರಾತ್ರಿಯೇ ಪ್ಯಾರಾಟ್ರೂಪರ್‌ಗಳನ್ನೂ ಎಂಜಿನ್ನಿಲ್ಲದ ಗ್ಲೈಡರ್ ವಿಮಾನಗಳನ್ನೂ ಇಳಿಸಲು ಬೆಳದಿಂಗಳು ಬೇಕು. ಅಮಾವಾಸ್ಯೆಯ ಸರದಿಯೂ ಹೋಯಿತು.

ಮೊದಲು ಮೇ ತಿಂಗಳೆಂದಿತ್ತು. ಬ್ರಿಟಿಷ್ ಸೇನಾಧಿಕಾರಿ ಫ್ರೆಡರಿಕ್ ಮಾರ್ಗನ್ 1943ರಲ್ಲಿ ಹೆಣೆದ ಯೋಜನೆಯಲ್ಲಿ ಕಡಲಿನಿಂದ ಇಳಿಯುವುದು ಮೂರು ಡಿವಿಷನ್, ಎಂದರೆ ಸಾವಿರಾರು ಸೈನಿಕರ ಮೂರು ದಳ. ಮಿತ್ರಪಡೆಗಳ ಮುಖ್ಯ ದಂಡನಾಯಕ ಐಸೆನ್‌ಹೋವರ್ ಮತ್ತು ಭೂಸೇನೆಯ ಮುಖ್ಯಸ್ಥ ಮಾಂಟ್ಗೊಮರಿ ಬಂದು ಅದನ್ನು ಐದಕ್ಕೆ ಏರಿಸಿದರು. ಅಷ್ಟು ಜನಕ್ಕೆ ದಡಕ್ಕಿಳಿಸುವ ದೋಣಿಗಳೇ ಇರಲಿಲ್ಲ. ಇನ್ನೊಂದು ತಿಂಗಳ ತಯಾರಿಕೆ ಕೈಸೇರಲೆಂದು ಜೂನ್‌ಗೆ ಮುಂದೂಡಿದರು. ಜೂನ್‌ನಲ್ಲಿ ಎಲ್ಲ ಷರತ್ತೂ ಕೂಡಿಬರುವ ದಿನಗಳು 5, 6, 7. ತಪ್ಪಿದರೆ 18ರಿಂದ 20, ಅದೂ ಅಮಾವಾಸ್ಯೆಯ ಕತ್ತಲಲ್ಲಿ.

ಈ ಲೆಕ್ಕ ಮಾಡಿದ್ದು ಲಿವರ್‌ಪೂಲ್ ಪಕ್ಕದ ಬಿಡ್‌ಸ್ಟನ್ ವೀಕ್ಷಣಾಲಯದ ಆರ್ಥರ್ ಡೂಡ್ಸನ್. ಅವನ ಬಳಿ ಇದ್ದದ್ದು ಹಿತ್ತಾಳೆಯ ಗಾಲಿ-ರಾಟೆಗಳ ಎರಡು ಯಂತ್ರ. ಉಬ್ಬರವೆಂದರೆ ಚಂದ್ರ, ಸೂರ್ಯ ಮತ್ತು ಅವುಗಳ ದಾರಿಯ ಓರೆಕೋರೆಗಳಿಂದ ಹುಟ್ಟುವ ಹಲವು ಅಲೆಗಳ ಮೊತ್ತ. ಒಂದೊಂದು ಅಲೆಗೂ ಒಂದೊಂದು ರಾಟೆ. ಎಲ್ಲ ರಾಟೆಗಳ ಮೇಲೆ ಹಾಯ್ದ ಒಂದೇ ತಂತಿ ಆ ಮೊತ್ತವನ್ನು ತುದಿಯ ಪೆನ್ನಿಗೆ ಮುಟ್ಟಿಸಿ ಕಾಗದದ ಮೇಲೆ ಗೆರೆ ಎಳೆಸುತ್ತಿತ್ತು. ಬಾಂಬ್ ಬಿದ್ದರೆ ಎರಡೂ ಒಟ್ಟಿಗೆ ಹೋಗಬಾರದೆಂದು ಯಂತ್ರಗಳನ್ನು ಬೇರೆ ಬೇರೆ ಕಡೆ ಇಟ್ಟಿದ್ದರು. ನೌಕಾಪಡೆಯ ವಿಲಿಯಂ ಫಾರ್ಕ್ವಾರ್ಸನ್ ಅಂಕಿಗಳನ್ನು ಕಳಿಸಿದ, ಜಾಗದ ಹೆಸರು ಮಾತ್ರ ಹೇಳಲಿಲ್ಲ. ಕಾಗದದ ಮೇಲೆ ಅದು ಬರೀ 'ಝಡ್'. ತೊಡಕೆಂದರೆ, ಚೆನ್ನಾಗಿ ಅಳೆದ ಅಂಕಿ ಇದ್ದದ್ದು ಶೆರ್‌ಬೂರ್ಗ್ ಮತ್ತು ಲ ಹಾವ್ರ್ ಬಂದರುಗಳಿಗೆ; ನಡುವಿನ ಆಳವಿಲ್ಲದ ತೀರದಲ್ಲಿ ಉಬ್ಬರದ ಆಕಾರವೇ ಬೇರೆ.

ಮರಳನ್ನೂ ಹೀಗೇ ಕದ್ದು ನೋಡಬೇಕಾಯಿತು. 1943ರ ಡಿಸೆಂಬರ್ 31ರ ರಾತ್ರಿ ಲೋಗನ್ ಸ್ಕಾಟ್-ಬೌಡೆನ್, ಬ್ರೂಸ್ ಆಗ್ಡನ್-ಸ್ಮಿತ್ ಎಂಬ ಇಬ್ಬರು ಈಜಿ ದಡ ಸೇರಿ, ಕೊರೆಯುವ ಸಲಾಕೆಯಿಂದ ಮರಳಿನ ಮಾದರಿ ತೆಗೆದು ತಂದರು. ಮರಳಿನಡಿ ಕೊಳೆತ ಸಸ್ಯದ ಮೆತ್ತನೆ ಮಣ್ಣೂ ಜೇಡಿಯೂ ಇದ್ದರೆ ಮೂವತ್ತು ಟನ್ನಿನ ಟ್ಯಾಂಕ್ ಅಲ್ಲೇ ಹೂತುಹೋಗುತ್ತದೆ. ಕೆಲವು ಕಡೆ ಹಾಗೆಯೇ ಇತ್ತು. ಪರ್ಸಿ ಹೋಬಾರ್ಟ್‌ನ 79ನೇ ಕವಚ ಡಿವಿಷನ್ನಿನಲ್ಲಿ ಮುಂದೆ ದಪ್ಪ ಬಟ್ಟೆಯ ಸುರುಳಿ ಹೊತ್ತು, ಚಾಪೆಯಂತೆ ಹಾಸಿಕೊಂಡೇ ಅದರ ಮೇಲೆ ಹೋಗುವ ಟ್ಯಾಂಕ್ ಬಂದದ್ದು ಇದಕ್ಕೇ. ನೋಡಿದರೆ ನಗು ಬರುವ ಯಂತ್ರ, ಆದರೆ ಹಿಂದಿರುವುದು ಆ ಹಿಡಿ ಮರಳು.

ಹವಾಮಾನ ಮಾತ್ರ ಪಂಚಾಂಗಕ್ಕೆ ಸಿಕ್ಕುವಂಥದ್ದಲ್ಲ. ಜೂನ್ 4ರ ನಸುಕಿನಲ್ಲಿ ಮುಖ್ಯ ಹವಾಮಾನಜ್ಞ ಜೇಮ್ಸ್ ಸ್ಟ್ಯಾಗ್ ಬಿರುಗಾಳಿಯೆಂದ. 5ರ ದಾಳಿ ಒಂದು ದಿನ ಮುಂದಕ್ಕೆ ಹೋಯಿತು, ಆಗಲೇ ಹೊರಟಿದ್ದ ಹಡಗುಗಳನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ಅಂದು ರಾತ್ರಿ ಎರಡು ಬಿರುಗಾಳಿಗಳ ನಡುವೆ ಸಣ್ಣದೊಂದು ಬಿಡುವು ಬರುತ್ತದೆಂದು ಅವನೇ ಹೇಳಿದ. ಐರ್ಲೆಂಡಿನ ಪಶ್ಚಿಮ ತುದಿಯ ಬ್ಲ್ಯಾಕ್‌ಸಾಡ್ ಠಾಣೆಯ ವಾಯುಭಾರದ ಅಂಕಿಗಳು ಈ ತೀರ್ಮಾನಗಳಿಗೆ ಆಧಾರ. ಅಟ್ಲಾಂಟಿಕ್ ಕಡೆ ಇಂಥ ಠಾಣೆಗಳಿಲ್ಲದ ಜರ್ಮನ್ನರಿಗೆ ಆ ಬಿಡುವು ಸರಿಯಾಗಿ ಕಾಣಲಿಲ್ಲ. ಈ ಗಾಳಿಯಲ್ಲಿ ಯಾರೂ ಬರಲಾರರೆಂದು ರೊಮೆಲ್ ಹೆಂಡತಿಯ ಹುಟ್ಟುಹಬ್ಬಕ್ಕೆ ಊರಿಗೆ ಹೋಗಿದ್ದ.

ದೋಣಿಯಿಂದ ಮರಳಿಗೆ

ನೌಕಾಪಡೆಯ ಮುಖ್ಯಸ್ಥ ಬರ್ಟ್ರಮ್ ರಾಮ್ಸೆಯ ಕೈಕೆಳಗೆ ಸುಮಾರು 7,000 ಹಡಗು-ದೋಣಿಗಳು ಹೊರಟವು. ಇಂಗ್ಲೆಂಡಿನ ದಕ್ಷಿಣ ತೀರದ ವೈಟ್ ದ್ವೀಪದ ಆಗ್ನೇಯಕ್ಕೆ ಎಲ್ಲವೂ ಕೂಡುವ ಜಾಗಕ್ಕೆ ನಾವಿಕರು ಲಂಡನ್ನಿನ ಗಿಜಿಗಿಜಿ ವೃತ್ತದ ನೆನಪಲ್ಲಿ 'ಪಿಕಡಿಲಿ ಸರ್ಕಸ್' ಎಂದು ಹೆಸರಿಟ್ಟಿದ್ದರು. ಅಲ್ಲಿಂದ ದಕ್ಷಿಣಕ್ಕೆ ಮೈನ್ ತೆರವು ಮಾಡಿದ ಹತ್ತು ದಾರಿ, ಒಂದೊಂದು ತೀರಕ್ಕೆ ಎರಡರಂತೆ, ಒಂದು ವೇಗದ ಹಡಗಿಗೆ, ಇನ್ನೊಂದು ನಿಧಾನದ್ದಕ್ಕೆ.

ತೀರದ ಎದುರು ದೊಡ್ಡ ಹಡಗಿನಿಂದ ಸಣ್ಣ ದೋಣಿಗೆ ಇಳಿಯಬೇಕು. ನ್ಯೂ ಆರ್ಲಿಯನ್ಸ್‌ನ ಆಂಡ್ರ್ಯೂ ಹಿಗಿನ್ಸ್ ರೂಪಿಸಿದ ಪ್ಲೈವುಡ್ ದೋಣಿಯ ಉದ್ದ ಸುಮಾರು 11 ಮೀಟರ್, 36 ಜನಕ್ಕೆ ಜಾಗ, ಮುಂದೆ ಕೆಳಗೆ ಬೀಳುವ ಕದ. ಪ್ರೊಪೆಲರ್ ತಳದ ಒಳಗುಂಡಿಯಲ್ಲಿ ಅಡಗಿರುವುದರಿಂದ ಮರಳಿಗೆ ತಾಗುವುದಿಲ್ಲ. ನಡೆಸುವವನ ಕಸುಬು ಇರುವುದು ಮರಳು ಮುಟ್ಟಿದ ಮೇಲೆ: ಸೈನಿಕರು ಇಳಿಯುವ ತನಕ ಎಂಜಿನ್ ಮುಂದಕ್ಕೇ ಒತ್ತುತ್ತಿರಬೇಕು. ಸ್ವಲ್ಪ ಸಡಿಲಿಸಿದರೆ ಅಲೆ ದೋಣಿಯನ್ನು ಅಡ್ಡ ತಿರುಗಿಸುತ್ತದೆ, ಮುಂದಿನ ಅಲೆ ಮಗುಚುತ್ತದೆ.

ಇನ್ನೊಂದು ಮೋಸ ಮರಳಿನದು. ಇಂಥ ತೀರದಲ್ಲಿ ದಡಕ್ಕೆ ಸಮಾನಾಂತರವಾಗಿ ಮರಳ ದಿಬ್ಬ, ಅದರಾಚೆ ಹಳ್ಳ, ಮತ್ತೆ ದಿಬ್ಬ ಹೀಗೆ ಇರುತ್ತದೆ. ದೋಣಿಯ ತಳ ಮೊದಲ ದಿಬ್ಬಕ್ಕೆ ತಾಗಿದರೆ ದಡ ಬಂತೆಂದು ಕದ ಬೀಳುತ್ತದೆ. ಮೈಮೇಲೆ ಸುಮಾರು ಮೂವತ್ತು ಕಿಲೋ ಹೊತ್ತವನು ಮೊಣಕಾಲು ನೀರೆಂದು ಕಾಲಿಟ್ಟು ಕುತ್ತಿಗೆ ಮೀರಿದ ಹಳ್ಳಕ್ಕೆ ಇಳಿಯುತ್ತಾನೆ. ಒಂದು ಗುಂಡೂ ತಾಗದೆ ಸತ್ತವರಲ್ಲಿ ಅನೇಕರ ಕಥೆ ಇದು.

ಕಾಲಾಳುಗಳ ಜೊತೆಗೇ ಟ್ಯಾಂಕ್ ಬೇಕೆಂದು ಈಜುವ ಶರ್ಮನ್‌ಗಳನ್ನು ತಂದಿದ್ದರು. ನಿಕೋಲಸ್ ಸ್ಟ್ರೌಸ್ಲರ್‌ನ ಉಪಾಯ ಸರಳ. ಟ್ಯಾಂಕಿನ ಸುತ್ತ ಕ್ಯಾನ್ವಾಸಿನ ಗೋಡೆ, ಅದನ್ನು ಎತ್ತಿ ನಿಲ್ಲಿಸಲು ಗಾಳಿ ತುಂಬುವ 36 ರಬ್ಬರ್ ಕೊಳವೆ, ಹಿಂದೆ ಎರಡು ಪ್ರೊಪೆಲರ್. ಬಕೆಟ್ಟಿನೊಳಗೆ ಕಬ್ಬಿಣದ ಗುಂಡು ಇಟ್ಟು ತೇಲಿಸಿದ ಹಾಗೆ. ಗೋಡೆಯ ಅಂಚು ನೀರಿನಿಂದ ಮೇಲೆ ಒಂದು ಮೀಟರಿಗಿಂತ ಹೆಚ್ಚಿಲ್ಲ. ಒಂದಡಿ ಅಲೆಗೆ ಸರಿ, ಅಂದು ಒಮಾಹಾದ ಎದುರು ಇದ್ದ ಅಲೆ ಆರಡಿಯವರೆಗೆ. ಅಲ್ಲಿ 741ನೇ ಟ್ಯಾಂಕ್ ಬೆಟಾಲಿಯನ್ ದಡದಿಂದ ಸುಮಾರು ಐದು ಕಿ.ಮೀ. ದೂರದಲ್ಲೇ 29 ಟ್ಯಾಂಕ್ ನೀರಿಗಿಳಿಸಿತು, 27 ಮುಳುಗಿದವು. ಪ್ರವಾಹ ಪಕ್ಕಕ್ಕೆ ಎಳೆಯುತ್ತದೆ, ಸರಿಪಡಿಸಲು ತಿರುಗಿಸಿದರೆ ಅಲೆಗೆ ಮಗ್ಗುಲು ಕೊಟ್ಟಂತಾಗುತ್ತದೆ, ಕ್ಯಾನ್ವಾಸ್ ಒಳಕ್ಕೆ ಕುಸಿಯುತ್ತದೆ. ಪಕ್ಕದ 743ನೇ ಬೆಟಾಲಿಯನ್ನಿನ ಟ್ಯಾಂಕುಗಳನ್ನು ಹೊತ್ತ ದೋಣಿಗಳು, ಈ ಅಲೆಯಲ್ಲಿ ಈಜು ಆಗದೆಂದು ನಿರ್ಧರಿಸಿ ನೇರ ಮರಳಿಗೇ ಒಯ್ದವು. ನಿಯಮ ಪುಸ್ತಕ ಎರಡು ಕಡೆಯೂ ಒಂದೇ, ಕಡಲನ್ನು ನೋಡಿ ಓದಿದವರು ಮಾತ್ರ ಬೇರೆ.

ಒಮಾಹಾದಲ್ಲಿ ಕೈಕೊಟ್ಟದ್ದು

ಒಮಾಹಾದ ಸಾವುನೋವಿಗೆ ಜರ್ಮನರ ಮೆಷಿನ್‌ಗನ್ ಕಾರಣವೆನ್ನುವುದು ನಿಜ, ಆದರೆ ಅಷ್ಟೇ ಹೇಳಿದರೆ ಅರ್ಧ ಮಾತು. ಅಲ್ಲಿ ಯೋಜನೆ ಕೈಕೊಟ್ಟದ್ದು ಒಂದರ ಹಿಂದೆ ಒಂದು, ಪ್ರತಿಯೊಂದೂ ಮುಂದಿನದನ್ನು ಕೆಡಿಸುತ್ತ. ತೀರದ ಮೇಲೆ ಬಾಂಬ್ ಹಾಕಬೇಕಿದ್ದ 329 ಬಿ-24 ವಿಮಾನಗಳಿಗೆ ಮೋಡದಡಿ ಏನೂ ಕಾಣಲಿಲ್ಲ. ನಮ್ಮ ದೋಣಿಗಳ ಮೇಲೆ ಬಿದ್ದೀತೆಂದು ಕೆಲ ಸೆಕೆಂಡ್ ತಡೆದು ಹಾಕಿದರು. ವಿಮಾನದ ವೇಗಕ್ಕೆ ಆ ಸೆಕೆಂಡುಗಳು ಕಿಲೋಮೀಟರುಗಳಾದವು. ಬಾಂಬುಗಳು ಒಳನಾಡಿನ ಹೊಲಗಳಲ್ಲಿ ಬಿದ್ದವು. ನೌಕಾ ಫಿರಂಗಿಗಳಿಗೆ ಸಿಕ್ಕಿದ್ದು ಸುಮಾರು ನಲವತ್ತು ನಿಮಿಷ. ಬಂಕರ್‌ಗಳು ಹಾಗೇ ಉಳಿದವು. ಅಮೆರಿಕನ್ ದೋಣಿಗಳು ಸುಮಾರು 18 ಕಿ.ಮೀ. ದೂರದಿಂದ ಹೊರಟಿದ್ದರಿಂದ ಸೈನಿಕರು ವಾಂತಿಯಲ್ಲೇ ಗಂಟೆಗಟ್ಟಲೆ ಕಳೆದಿದ್ದರು, ಪ್ರವಾಹ ಅವರನ್ನು ಪೂರ್ವಕ್ಕೆ ತಳ್ಳಿತು, ತಂಡಗಳು ತಮ್ಮದಲ್ಲದ ಜಾಗದಲ್ಲಿ ಇಳಿದವು.

ಈಗ ನೀರಿನ ಲೆಕ್ಕ ಬಂತು. ಅಡೆತಡೆಗಳ ನಡುವೆ ಸುಮಾರು 45 ಮೀಟರ್ ಅಗಲದ 16 ದಾರಿ ಸಿಡಿಸಿ ತೆರೆಯುವುದು ಎಂಜಿನಿಯರ್ ತಂಡಗಳ ಕೆಲಸ. ಸಿಕ್ಕಿದ್ದ ಅವಧಿ ಅರ್ಧ ಗಂಟೆ. ಅಲ್ಲಿಂದಾಚೆ ನೀರು ಅಡೆತಡೆಗಳ ಬುಡ ಮುಟ್ಟುತ್ತದೆ, ಅದು ಏರುವುದು ಗಂಟೆಗೆ ಮೀಟರಿಗೂ ಹೆಚ್ಚು. ತಂಡಗಳು ಎರಡು ಪೌಂಡಿನ ಸಿಡಿಮದ್ದಿನ ಸಣ್ಣ ಚೀಲಗಳನ್ನು ಕಂಬಗಳಿಗೆ ಕಟ್ಟಿ, ಒಂದಕ್ಕೊಂದು ಬತ್ತಿಯಿಂದ ಜೋಡಿಸುತ್ತ ಹೋದವು. ಆದರೆ ಆ ಕಂಬಗಳ ಹಿಂದೆಯೇ ಗುಂಡಿನಿಂದ ತಪ್ಪಿಸಿಕೊಳ್ಳಲು ಕಾಲಾಳುಗಳು ಮುದುಡಿ ಕೂತಿದ್ದರು. ಬಯಲಲ್ಲಿ ಬೇರೆ ಮರೆಯೇ ಇರಲಿಲ್ಲ. ಅವರನ್ನು ಏಳಿಸದೆ ಸಿಡಿಸುವಂತಿಲ್ಲ, ಏಳಿಸಿದರೆ ಅವರಿಗೆ ಉಳಿವಿಲ್ಲ. ತೆರೆದದ್ದು ಐದಾರು ದಾರಿ. ಗುರುತಿನ ಬಾವುಟ, ತೇಲುಬುರುಡೆಗಳು ಕಳೆದುಹೋಗಿದ್ದರಿಂದ ಅವುಗಳಲ್ಲೂ ಹೆಚ್ಚಿನವು ಹಿಂದೆ ಬರುವ ದೋಣಿಗಳಿಗೆ ಕಾಣಲಿಲ್ಲ. ಎಂಜಿನಿಯರುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಉಬ್ಬರ ಏರಿ, ಸಿಡಿಯದೆ ಉಳಿದ ಕಂಬಗಳನ್ನು ಮುಳುಗಿಸಿತು. ರೊಮೆಲ್ ಎಣಿಸಿದ ಸ್ಥಿತಿ ಎರಡು ಗಂಟೆ ತಡವಾಗಿ ಬಂದಿತ್ತು. ಸುಮಾರು 8:30ಕ್ಕೆ ವಾಹನಗಳನ್ನು ಇಳಿಸುವುದನ್ನೇ ನಿಲ್ಲಿಸಬೇಕಾಯಿತು.

ಬಿಗಿ ಸಡಿಲಿಸಿದ್ದು ಯೋಜನೆಯಲ್ಲಿಲ್ಲದ ಕೆಲಸ. ಡಿಸ್ಟ್ರಾಯರ್ ಹಡಗುಗಳು ತಳ ತಾಗುವ ಅಪಾಯವಿದ್ದರೂ ದಡಕ್ಕೆ ಒಂದು ಕಿ.ಮೀ.ಯಷ್ಟು ಹತ್ತಿರ ಬಂದು ಬಂಕರ್‌ಗಳಿಗೆ ಒಂದೊಂದಾಗಿ ಗುರಿಯಿಟ್ಟವು. ಸಣ್ಣ ಗುಂಪುಗಳು ಕಾವಲಿರುವ ಕಣಿವೆ ದಾರಿಗಳನ್ನು ಬಿಟ್ಟು ನಡುವಿನ ದಿಬ್ಬ ಹತ್ತಿದವು. ಒಮಾಹಾ ಒಂದರಲ್ಲೇ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಎರಡು ಸಾವಿರಕ್ಕೂ ಮಿಕ್ಕು. ಯೂಟಾದಲ್ಲಿಯೂ ಪ್ರವಾಹ ದೋಣಿಗಳನ್ನು ಎರಡು ಕಿ.ಮೀ.ಯಷ್ಟು ದಕ್ಷಿಣಕ್ಕೆ ಒಯ್ದಿತ್ತು. ಅಲ್ಲಿ ಮಾತ್ರ ಕಾವಲು ಕಡಿಮೆಯಿದ್ದ ಜಾಗಕ್ಕೇ ಒಯ್ದದ್ದು ಅದೃಷ್ಟ. ದಡಕ್ಕಿಳಿದ ನಾಲ್ಕನೇ ಡಿವಿಷನ್ನಿನ ನಷ್ಟ ಇನ್ನೂರರೊಳಗೆ.

ಪೂರ್ವದ ತೀರಗಳಲ್ಲಿ ನೀರು ಬೇರೆ ರೀತಿ ಕಾಡಿತು. ವಾಯವ್ಯದ ಗಾಳಿ ಉಬ್ಬರವನ್ನು ದಡಕ್ಕೆ ಒತ್ತಿದ್ದರಿಂದ ಅಡೆತಡೆಗಳು ಲೆಕ್ಕಕ್ಕಿಂತ ಮೊದಲೇ ಮುಳುಗಿದವು. ಸೋರ್ಡ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಮರಳಿನ ಪಟ್ಟಿ ಹತ್ತು ಮೀಟರಿನಷ್ಟಕ್ಕೆ ಕುಗ್ಗಿತು. ಅದರ ಮೇಲೆ ಟ್ಯಾಂಕು, ಲಾರಿ, ಫಿರಂಗಿಗಳ ಸಂತೆ. ಕಾಲಾಳುಗಳ ಬೆನ್ನಿಗೆ ಕಾನ್ ಪಟ್ಟಣಕ್ಕೆ ಓಡಬೇಕಿದ್ದ ಟ್ಯಾಂಕುಗಳು ಈ ದಟ್ಟಣೆಯಲ್ಲಿ ಸಿಕ್ಕಿಕೊಂಡವು. ಮೊದಲ ದಿನವೇ ಹಿಡಿಯಬೇಕೆಂದಿದ್ದ ಕಾನ್ ಜುಲೈವರೆಗೂ ಕೈಗೆ ಸಿಗದಿರಲು ಇದೂ ಒಂದು ಕಾರಣ.

ದಿನ ಮುಗಿಯುವ ಹೊತ್ತಿಗೆ ಕಡಲು ಮತ್ತು ಆಕಾಶದಿಂದ ಸುಮಾರು 1,56,000 ಸೈನಿಕರು ಇಳಿದಿದ್ದರು. ಮಿತ್ರಪಡೆಯಲ್ಲಿ ಅಂದು ಸತ್ತವರು 4,400ಕ್ಕೂ ಹೆಚ್ಚು.

ಹೊತ್ತು ತಂದ ಬಂದರು

ಇಳಿದವರಿಗೆ ಮರುದಿನದಿಂದಲೇ ಅನ್ನ, ಮದ್ದುಗುಂಡು, ಪೆಟ್ರೋಲ್ ಬೇಕು. ಅದಕ್ಕೆ ಬಂದರು ಬೇಕು. ಬಂದರನ್ನು ನೇರ ನುಗ್ಗಿ ಹಿಡಿಯುವುದಾಗದೆಂದು 1942ರ ಆಗಸ್ಟ್ 19ರಂದು ಫ್ರಾನ್ಸಿನ ಬಂದರು ದಿಯೆಪ್‌ನಲ್ಲೇ ಗೊತ್ತಾಗಿತ್ತು. ಅಲ್ಲಿ ಹೋದ 5,000ದಷ್ಟು ಕೆನಡಾ ಸೈನಿಕರಲ್ಲಿ 3,300ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಸೆರೆಸಿಕ್ಕರು. ಟ್ಯಾಂಕುಗಳ ಚೈನು ತೀರದ ದುಂಡುಕಲ್ಲುಗಳ ಮೇಲೆ ಜಾರಿತು. ಹಾಗಾಗಿ ಬಂದರನ್ನೇ ಹೊತ್ತುಕೊಂಡು ಹೋಗುವುದೆಂದಾಯಿತು. ಇಟ್ಟ ಗುಪ್ತನಾಮ ಮಲ್ಬೆರಿ. ಅಮೆರಿಕನ್ನರಿಗೆ ಒಮಾಹಾದಲ್ಲಿ ಒಂದು, ಬ್ರಿಟಿಷರಿಗೆ ಆರೋಮಾಂಶ್‌ನಲ್ಲಿ ಇನ್ನೊಂದು.

ಮೊದಲು ಹಳೆಯ ಹಡಗುಗಳನ್ನು ಸಾಲಾಗಿ ಮುಳುಗಿಸಿ ಅಲೆತಡೆ. ಆಮೇಲೆ ಟಗ್ ದೋಣಿಗಳು ಎಳೆದು ತಂದ ಟೊಳ್ಳು ಕಾಂಕ್ರೀಟ್ ಪೆಟ್ಟಿಗೆಗಳು. ದೊಡ್ಡದರ ಉದ್ದ 60 ಮೀಟರ್, ಎತ್ತರ 18 ಮೀಟರ್, ತೂಕ ಸುಮಾರು 6,000 ಟನ್. ಕವಾಟ ತೆರೆದು ನೀರು ತುಂಬಿದರೆ ತಳಕ್ಕೆ ಕೂರುತ್ತಿದ್ದವು. ಹೊರಗೆ ತೇಲುವ ಉಕ್ಕಿನ ಅಲೆತಡೆಗಳು. ಆರು ಮೀಟರ್ ಏರಿಳಿತದಲ್ಲಿ ಹಡಗುಕಟ್ಟೆ ಹೇಗೆ ನಿಂತೀತು? ಕಡಲ ತಳಕ್ಕೆ ಊರಿದ ನಾಲ್ಕು ಉಕ್ಕಿನ ಕಾಲು, ಅವುಗಳ ಮೇಲೆ ನೀರಿನ ಜೊತೆ ಮೇಲೆ ಕೆಳಗೆ ಜಾರುವ ಕಟ್ಟೆ. ಅಲ್ಲಿಂದ ದಡದ ತನಕ ತೇಲುಬುಡ್ಡೆಗಳ ಮೇಲೆ ಸೇತುವೆ ತುಂಡುಗಳ ರಸ್ತೆ, ಅಲೆಗೆ ತಿರುಚಿಕೊಂಡರೂ ಮುರಿಯದಂಥದ್ದು. ಇದು ಅಲನ್ ಬೆಕೆಟ್‌ನ ವಿನ್ಯಾಸ.

ಜೂನ್ 19ರಂದು ಬಿರುಗಾಳಿ ಎದ್ದಿತು. ಎಂದರೆ ಜೂನ್ 6 ತಪ್ಪಿದ್ದರೆ ದಾಳಿಗೆ ಉಳಿಯುತ್ತಿದ್ದ ಆ ಅಮಾವಾಸ್ಯೆಯ ದಿನಗಳಲ್ಲೇ. ಅದು 22ರವರೆಗೆ ನಿಲ್ಲಲಿಲ್ಲ. ತೇಲುವ ಅಲೆತಡೆಗಳು ಲಂಗರು ಕಿತ್ತುಕೊಂಡು ಬಂದು ಒಳಗಿನವನ್ನೇ ಗುದ್ದಿದವು. ಸುಮಾರು 800 ದೋಣಿಗಳು ದಡಕ್ಕೆ ಬಿದ್ದವು. ಒಮಾಹಾದ ಬಂದರನ್ನು ರಿಪೇರಿಯಾಗದೆಂದು ಕೈಬಿಟ್ಟರು, ಅದರ ತುಂಡುಗಳಿಂದ ಆರೋಮಾಂಶ್‌ನದನ್ನು ಸರಿಮಾಡಿದರು. ಆರೋಮಾಂಶ್‌ಗೆ ಹೊರಗಿನ ಬಂಡೆಸಾಲಿನ ಆಸರೆಯೂ ಇತ್ತು.

ಬಂದರಿಲ್ಲದ ಅಮೆರಿಕನ್ನರು ಮಾಡಿದ್ದು ತೀರ ಸರಳ. ನೂರು ಮೀಟರ್ ಉದ್ದದ ಟ್ಯಾಂಕ್ ಸಾಗಿಸುವ ಹಡಗುಗಳಿದ್ದವು, ಮೂತಿಗೆ ಎರಡು ಕದ, ನೀರು ತುಂಬಿ-ಬಿಟ್ಟು ತಳವನ್ನು ಏರಿಸಿಳಿಸುವ ತೊಟ್ಟಿಗಳು. ದಡಕ್ಕೆ ಬರುವಾಗ ಮುಂಭಾಗಕ್ಕೆ ಒಂದೂಕಾಲು ಮೀಟರಿನಷ್ಟು ನೀರು ಸಾಕು. ಇಷ್ಟು ದೊಡ್ಡ ಹಡಗನ್ನು ಒಣ ಮರಳಲ್ಲಿ ಕೂರಿಸಿದರೆ ಉಬ್ಬುತಗ್ಗಿನ ಮೇಲೆ ಬೆನ್ನುಮೂಳೆ ಮುರಿದೀತೆಂಬ ಹೆದರಿಕೆಯಿಂದ ಆವರೆಗೆ ಹೆಚ್ಚು ಪ್ರಯತ್ನಿಸಿರಲಿಲ್ಲ. ಈಗ ಉಬ್ಬರದಲ್ಲಿ ತಂದು ಮರಳಿಗೆ ತಾಗಿಸಿದರು, ನೀರು ಹಿಂದೆ ಸರಿಯಿತು, ಲಾರಿಗಳು ಒಣ ಮರಳ ಮೇಲೆ ಚಕ್ರ ಒದ್ದೆಯಾಗದೆ ಇಳಿದವು. ಏನೂ ಮುರಿಯಲಿಲ್ಲ. ಮುಂದಿನ ಉಬ್ಬರಕ್ಕೆ ಹಡಗು ತೇಲಿ ಹೊರಟಿತು. ಹೀಗೆ ಒಮಾಹಾದಲ್ಲಿ ಇಳಿಯುತ್ತಿದ್ದ ಸಾಮಾನು ಬಂದರಿದ್ದಾಗಿನದಕ್ಕಿಂತಲೂ ಹೆಚ್ಚಾಯಿತು. ಶೆರ್‌ಬೂರ್ಗ್ ಜೂನ್ ಕೊನೆಗೆ ಕೈಸೇರಿದರೂ, ಜರ್ಮನ್ನರು ಬಂದರನ್ನು ಒಡೆದು ಮೈನ್ ತುಂಬಿಸಿ ಹೋಗಿದ್ದರಿಂದ ಅಲ್ಲಿ ಮೊದಲ ಸರಕು ಇಳಿಯಲು ಜುಲೈ ಅರ್ಧ ಕಳೆಯಿತು. ಅಲ್ಲಿಯತನಕ ಅಮೆರಿಕನ್ ಸೇನೆಗೆ ಬಂದದ್ದರಲ್ಲಿ ಬಹುಪಾಲು ಬಂದದ್ದು ಈ ಬಯಲು ಮರಳಿನ ಮೇಲೆಯೇ, ದಿನಕ್ಕೆ ಎರಡು ಉಬ್ಬರದ ಲೆಕ್ಕದಲ್ಲಿ.